ಹಾಡಿನ ಹೊದಿಕೆಯ ಮೇಲೆ ಯಾರ ಹೆಸರು?



ಕಳೆದ ತಿಂಗಳು ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಮೇಜಿನ ಮೇಲೆ ಎರಡು ಚಿತ್ರಗಳನ್ನು ಹರಡಿಕೊಂಡು ಕುಳಿತಿದ್ದೆವು. ನಮ್ಮಲ್ಲಿ ಓದಿ ಹೋದ ನಾಲ್ಕೈದು ಹುಡುಗರು ತಳಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಅಜ್ಜಿಯರು ಹೇಳುವ ಸೋಬಾನೆ ಪದ, ರಾಗಿ ಬೀಸುವ ಪದ, ತೊಟ್ಟಿಲ ಪದಗಳನ್ನು ಮೊಬೈಲಿನಲ್ಲಿ ಹಿಡಿದು ತಂದಿದ್ದಾರೆ. ಒಟ್ಟು ಹನ್ನೊಂದು ಪದ. ಅವನ್ನು ಒಂದು ಆಲ್ಬಂ ಮಾಡಿ ಬಿಡುಗಡೆ ಮಾಡಬೇಕೆಂದು ಅವರ ಆಸೆ. ಇಂಟರ್ನೆಟ್ಟಿಗೂ ಹಾಕುತ್ತಾರೆ, ಊರಿನವರಿಗೆ ಕೊಡಲು ರಟ್ಟಿನ ಹೊದಿಕೆಯೊಳಗೆ ಪೆನ್ ಡ್ರೈವ್ ಇಟ್ಟು ನೂರು ಪ್ರತಿಯನ್ನೂ ಮಾಡುತ್ತಾರೆ. ಸಿಡಿ ಹಾಕುವ ಪೆಟ್ಟಿಗೆ ಈಗ ಯಾರ ಮನೆಯಲ್ಲಿದೆ ಹೇಳಿ!

ಆ ಹೊದಿಕೆಗೆ ಎರಡು ನಮೂನೆ ಮಾಡಿ ತಂದಿದ್ದರು. ಒಂದರಲ್ಲಿ ಹಸಿರು ಬೆಟ್ಟ, ಸೊಂಟದ ಮೇಲೆ ಕೊಡ ಇಟ್ಟುಕೊಂಡ ಚೆಂದದ ಹುಡುಗಿ, ದೊಡ್ಡ ಬಣ್ಣದ ಅಕ್ಷರ. ಕಂಪ್ಯೂಟರಿನಿಂದ ಇಳಿಸಿಕೊಂಡ ಹುಡುಗಿ, ನಮ್ಮ ಕಡೆಯವಳಲ್ಲ. ಇನ್ನೊಂದರಲ್ಲಿ ಒಂದು ಬೀಸುವ ಕಲ್ಲು, ಅದರ ಗೂಟ ಹಿಡಿದ ಸುಕ್ಕುಗಟ್ಟಿದ ಕೈ, ಕೆಳಗೆ ಹಾಡಿದವರ ಹೆಸರು, ಊರು. ಹುಡುಗರಿಗೆ ಮೊದಲನೆಯದೇ ಇಷ್ಟ. "ಎರಡನೆಯದು ಮದುವೆ ಕರೆಯೋಲೆ ತರಹ ಇದೆ ಸಾರ್, ಬರೀ ಹೆಸರು" ಎಂದ ಒಬ್ಬ. ಫೋನಿನಲ್ಲಿ ನೋಡಿದರೆ ಮೊದಲನೆಯದೇ ಎದ್ದು ಕಾಣುತ್ತದೆ, ಅದೂ ನಿಜ.

ನಾವು ಕೂಡಲೇ ಏನೂ ಹೇಳಲಿಲ್ಲ. ಎದ್ದು ಹೋಗಿ ಬೀರುವಿನಿಂದ ಒಂದು ಹಳೆಯ ಸಿಡಿ ತಂದು ಅವರ ಮುಂದೆ ಇಟ್ಟೆವು.

ಅದು 2006ರಲ್ಲಿ ನಾವೇ ಮಾಡಿಸಿದ್ದು. ಆಗ ನಮಗೆ ಕೆಲಸ ಸಿಕ್ಕಿ ಹೆಚ್ಚು ದಿನ ಆಗಿರಲಿಲ್ಲ, ಉತ್ಸಾಹ ಬಹಳ. ಒಂದು ಹಬ್ಬಕ್ಕೆ ಹಳ್ಳಿಯ ಹೆಂಗಸರನ್ನು ಕರೆಸಿ ಪದ ಹಾಡಿಸಿ ಸಿಡಿ ಮಾಡಿದ್ದೆವು. ಹೊದಿಕೆಯ ಮೇಲೆ ಅಧ್ಯಕ್ಷರ ಹೆಸರಿದೆ, ದಾನಿಗಳ ಹೆಸರಿದೆ, ಮುಖ್ಯ ಅತಿಥಿಗಳ ಹೆಸರಿದೆ, ನಮ್ಮದೂ ಇದೆ. ಹಾಡಿದವರು ಎಂಬಲ್ಲಿ 'ಗ್ರಾಮೀಣ ಮಹಿಳೆಯರು' ಎಂದಷ್ಟೇ ಇದೆ. ಕೆಳಗೆ ವಿಳಾಸ: ತಳಿ, ಧರ್ಮಪುರಿ ಜಿಲ್ಲೆ. ಅದೂ ತಪ್ಪು. 2004ರಲ್ಲೇ ನಾವು ಕೃಷ್ಣಗಿರಿ ಜಿಲ್ಲೆ ಆಗಿದ್ದೆವು, ಹಳೆಯ ಲೆಟರ್‌ಹೆಡ್ ನೋಡಿ ಬರೆದುಕೊಟ್ಟಿದ್ದೆವು.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಶಾಲೆಗೆ ಬಂದಳು. "ನಮ್ಮಜ್ಜಿ ನಿಮ್ಮ ಸಿಡಿಯಲ್ಲಿ ಹಾಡಿದ್ದರಂತೆ, ಈಗ ಇಲ್ಲ, ಅವರ ದನಿ ಕೇಳಬೇಕಿತ್ತು" ಎಂದಳು. ಸಿಡಿ ಹಾಕಿದೆವು. ಒಂಬತ್ತು ಪದವನ್ನೂ ಕೇಳಿದಳು. ಇದು ಇರಬಹುದೇನೋ ಎಂದು ಒಂದು ಕಡೆ ಹೇಳಿದಳು, ಆಮೇಲೆ ಅಲ್ಲವೇನೋ ಎಂದಳು. ನಮಗೂ ಹೇಳಲಾಗಲಿಲ್ಲ. ಮುಖ್ಯ ಅತಿಥಿ ಯಾರೆಂದು ಮಾತ್ರ ಹೊದಿಕೆ ಸ್ಪಷ್ಟವಾಗಿ ಹೇಳುತ್ತಿತ್ತು.

ಇದನ್ನು ಹುಡುಗರಿಗೆ ಹೇಳಿದ ಮೇಲೆ ಮಾತು ಬೆಳೆಯಿತು. ಹಾಡಿಗೆ ಹೊದಿಕೆ ಎಂಬುದು ಯಾವಾಗ ಬಂತು, ಅದರ ಮೇಲೆ ಯಾರ ಹೆಸರು ಹಾಕುತ್ತಿದ್ದರು ಎಂಬುದನ್ನು ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ದನಿಯಲ್ಲೇ ಹೆಸರು

ನಮ್ಮ ದೇಶದಲ್ಲಿ ಗ್ರಾಮೊಫೋನ್ ಕಂಪನಿಯವರು ಹಾಡು ಮುದ್ರಿಸಲು ಆರಂಭಿಸಿದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬವರು ಯಂತ್ರ ಹೊತ್ತು ಬಂದಿದ್ದರು. ಆ ನವೆಂಬರ್ ತಿಂಗಳಲ್ಲಿ ಹಾಡಿದವರಲ್ಲಿ ದೊಡ್ಡ ಹೆಸರು ಗೌಹರ್ ಜಾನ್ ಅವರದು. ಆಗ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲಿ ಮುಗಿಸಿ, ಕೊನೆಗೆ ಅವರು ಇಂಗ್ಲಿಷಿನಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಹೇಳುತ್ತಿದ್ದರು. ಇಂದೂ ಆ ತಟ್ಟೆಗಳಲ್ಲಿ ಅದು ಕೇಳುತ್ತದೆ.

ಯಾಕೆ ಹಾಗೆ? ಇಲ್ಲಿ ಮುದ್ರಿಸಿದ ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಕಲ್ಕತ್ತೆಯಲ್ಲಿ ಕಾರ್ಖಾನೆ ಆದದ್ದು 1908ರಲ್ಲಿ. ಅಲ್ಲಿಯ ಕೆಲಸಗಾರರಿಗೆ ನಮ್ಮ ಭಾಷೆ ತಿಳಿಯದು, ಯಾರ ದನಿ ಎಂದು ತಿಳಿಯದು. ಗುರುತು ತಪ್ಪದಿರಲಿ ಎಂದು ಹಾಡಿದವರ ಬಾಯಲ್ಲೇ ಹೆಸರು ಹೇಳಿಸುತ್ತಿದ್ದರು ಎನ್ನುತ್ತಾರೆ.

ಈ ಗೌಹರ್ ಜಾನ್ ನಮ್ಮವರೂ ಹೌದು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರು ಅರಮನೆಯ ವಿದುಷಿಯಾಗಿ ನೇಮಿಸಿಕೊಂಡರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಅಂದು ಅವರ ತಟ್ಟೆಗಳನ್ನು ಸುತ್ತಿದ್ದ ಕಾಗದ ಹರಿದು ಮಣ್ಣಾಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ದನಿಯೊಳಗೇ ಉಳಿದಿದೆ.

ನಾಯಿ ಮತ್ತು ಕಾಗದದ ಚೀಲ

ಆ ಕಾಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುವುದು. ಅರಗಿನಿಂದ ಮಾಡಿದ್ದು, ಕೈ ಜಾರಿದರೆ ಹಪ್ಪಳದ ಹಾಗೆ ಒಡೆಯುವುದು. ಅರಗಿನ ಬಹುಪಾಲು ನಮ್ಮ ದೇಶದಿಂದಲೇ ಹೋಗುತ್ತಿತ್ತು. ಹೊದಿಕೆ ಎಂದರೆ ಒಂದು ಸಾದಾ ಕಾಗದದ ಚೀಲ, ನಡುವೆ ದುಂಡನೆಯ ತೂತು. ಆ ತೂತಿನಿಂದ ತಟ್ಟೆಯ ನಡುವಿನ ಚೀಟಿ ಕಾಣಬೇಕು, ಅಷ್ಟೇ. ಚೀಲದ ಮೇಲೆ ಕಂಪನಿಯ ಹೆಸರು, ಅಂಗಡಿಯ ಹೆಸರು, ಸೂಜಿಯ ಜಾಹೀರಾತು. ಒಂದೇ ಬಗೆಯ ಚೀಲ ದೇವರನಾಮಕ್ಕೂ ಆಗುತ್ತಿತ್ತು, ನಾಟಕದ ಪದಕ್ಕೂ ಆಗುತ್ತಿತ್ತು.

ಕೊಳವೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ನೀವೂ ನೋಡಿರಬಹುದು. ಅದರ ಹೆಸರು ನಿಪ್ಪರ್, ಬರೆದವರು ಫ್ರಾನ್ಸಿಸ್ ಬರಾಡ್. ಮೊದಲು ಅವರು ಬರೆದದ್ದು ಬೇರೊಂದು ಬಗೆಯ ಯಂತ್ರವನ್ನು. 1899ರಲ್ಲಿ ಗ್ರಾಮೊಫೋನ್ ಕಂಪನಿ ಚಿತ್ರವನ್ನು ಕೊಂಡಾಗ ಆ ಯಂತ್ರವನ್ನು ಅಳಿಸಿ ತಮ್ಮ ಯಂತ್ರವನ್ನು ಬರೆಸಿಕೊಂಡಿತು. ಅಂದರೆ ಹಾಡಿನ ಜೊತೆ ಬಂದ ಮೊದಲ ಪ್ರಸಿದ್ಧ ಚಿತ್ರದಲ್ಲಿ ಹಾಡುವವರೂ ಇಲ್ಲ, ಹಾಡೂ ಇಲ್ಲ. ಕೇಳುವ ನಾಯಿ ಇದೆ, ಮಾರುವ ಯಂತ್ರ ಇದೆ.

ನಮ್ಮ ಹೊಸೂರು, ದೇಂಕಣಿಕೋಟೆ, ತಳಿ ಎಲ್ಲವೂ ಆಗ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆ. ಅಂದಿನ ಕನ್ನಡ ತಟ್ಟೆಗಳ ಚೀಟಿಯಲ್ಲಿ ಭಾಷೆ ಯಾವುದು ಎಂಬ ಕಡೆ 'ಕೆನರೀಸ್' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಕನ್ನಡ ಎಂಬ ಹೆಸರಿಗೂ ಹೊದಿಕೆಯ ಮೇಲೆ ಬರಲು ಕಾಲ ಹಿಡಿಯಿತು ನೋಡಿ.

ಗೋರಿಕಲ್ಲಿನಿಂದ ಚಿತ್ರಕ್ಕೆ

ಆಲ್ಬಂ ಎಂಬ ಮಾತು ಎಲ್ಲಿಂದ ಬಂತು ಎಂದು ಹುಡುಗರನ್ನು ಕೇಳಿದೆವು. ಮದುವೆಯ ಫೋಟೋ ಆಲ್ಬಂ ಎಂದರು. ಸರಿಯೇ. ದೊಡ್ಡ ಸಂಗೀತ ಕೃತಿ ಮೂರು ನಿಮಿಷದ ತಟ್ಟೆಯಲ್ಲಿ ಹಿಡಿಸದು. ನಾಲ್ಕೈದು ತಟ್ಟೆಗಳನ್ನು ಫೋಟೋ ಆಲ್ಬಮ್ಮಿನ ಹಾಗೆ ಪುಸ್ತಕ ಕಟ್ಟಿ ಮಾರುತ್ತಿದ್ದರು. ಆ ರಟ್ಟಿನ ಪುಸ್ತಕಕ್ಕೆ ಆಲ್ಬಂ ಎಂದು ಹೆಸರು. ಪುಸ್ತಕ ಹೋಯಿತು, ಹೆಸರು ಉಳಿಯಿತು. ಇಂದು ಮೊಬೈಲಿನಲ್ಲಿರುವ ಹಾಡಿನ ಗುಂಪಿಗೂ ಅದೇ ಹೆಸರು.

ಆ ರಟ್ಟುಗಳು ಬೂದು ಇಲ್ಲವೇ ಕಂದು ಬಣ್ಣದವು. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದರೆ ಗೋರಿಕಲ್ಲಿನ ಹಾಗೆ ಕಾಣುತ್ತಿದ್ದವು, ಅಮೆರಿಕದಲ್ಲಿ ಅವಕ್ಕೆ ಆ ಹೆಸರೇ ಇತ್ತು. ಕೊಲಂಬಿಯಾ ಕಂಪನಿಯಲ್ಲಿ ಕೆಲಸಕ್ಕಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವಕ, ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನವರು, ಹಾಡಿಗೆ ತಕ್ಕ ಚಿತ್ರವನ್ನೇ ರಟ್ಟಿನ ಮೇಲೆ ಅಚ್ಚು ಹಾಕೋಣ ಎಂದರು. ಖರ್ಚು ಜಾಸ್ತಿ ಎಂದು ಮಾಲೀಕರು ಹಿಂದೆಮುಂದೆ ನೋಡಿದರು. ಕೊನೆಗೆ 1940ರ ಹೊತ್ತಿಗೆ ಚಿತ್ರದ ಹೊದಿಕೆಗಳು ಹೊರಬಂದವು, ಮಾರಾಟ ಹಲವು ಪಟ್ಟು ಏರಿತು. 1948ರಲ್ಲಿ ಅದೇ ಕಂಪನಿ ನಿಧಾನವಾಗಿ ತಿರುಗುವ, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡು ಹಿಡಿಯುವ ಎಲ್‌ಪಿ ತಟ್ಟೆ ತಂದಿತು. ಅದರ ಹೊದಿಕೆ ಸುಮಾರು 31 ಸೆಂಟಿಮೀಟರ್ ಚೌಕ. ಮುಂದೆ ಚಿತ್ರ, ಹಿಂದೆ ಹಾಡಿದವರು, ನುಡಿಸಿದವರು, ಬರೆದವರು ಎಲ್ಲರ ವಿವರಕ್ಕೂ ಜಾಗ.

ಧ್ವನಿಸುರುಳಿ ಬಂತು

ನಮ್ಮ ಬಾಲ್ಯದ್ದು ಕ್ಯಾಸೆಟ್ ಕಾಲ. 1963ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿ ಅದನ್ನು ಹೊರತಂದಿತು. ಕನ್ನಡದಲ್ಲಿ ಅದಕ್ಕೆ 'ಧ್ವನಿಸುರುಳಿ' ಎಂದು ಒಳ್ಳೆಯ ಹೆಸರು ಬಂತು. ಅದರ ಮುಖಚಿತ್ರಕ್ಕೆ ಸಿಗುವ ಜಾಗ ಹೆಚ್ಚೆಂದರೆ ಆರೂವರೆ ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ. ಎಲ್‌ಪಿ ಹೊದಿಕೆಯ ಹದಿನೈದರಲ್ಲಿ ಒಂದು ಪಾಲು. ಬೇಕಾದರೆ ಮಕ್ಕಳಿಗೆ ಲೆಕ್ಕ ಮಾಡಿಸಿ ನೋಡಿ.

ಪ್ಲಾಸ್ಟಿಕ್ ಡಬ್ಬಿಯೊಳಗಿನ ಆ ಕಾಗದವನ್ನು ಬಿಡಿಸಿದರೆ ಮೂರು ಭಾಗ. ಮುಖ, ಬೆನ್ನು, ಹಿಂದಿನ ಪಟ್ಟಿ. ಅಂಗಡಿಯಲ್ಲಿ ಡಬ್ಬಿಗಳನ್ನು ಜೋಡಿಸಿಟ್ಟಾಗ ಕಾಣುವುದು ಬೆನ್ನು ಮಾತ್ರ. ಹೊಸೂರು ಬಸ್ ನಿಲ್ದಾಣದ ಕಡೆ ಅಂಗಡಿಗಳಲ್ಲಿ ತಮಿಳು, ತೆಲುಗು, ಹಿಂದಿ ಕ್ಯಾಸೆಟ್‌ಗಳ ನಡುವೆ ಕನ್ನಡದ್ದನ್ನು ನಾವು ಹುಡುಕುತ್ತಿದ್ದುದು ಬೆನ್ನಿನ ಅಕ್ಷರ ನೋಡಿಯೇ. ಒಂದು ಸೆಂಟಿಮೀಟರಿನ ಚಿಲ್ಲರೆ ಜಾಗದಲ್ಲಿ ಕನ್ನಡ ಅಕ್ಷರ ಕಂಡರೆ ಏನೋ ಸಂತೋಷ. ಗಡಿಯಾಚೆಯವರಿಗೆ ಇದು ಅರ್ಥವಾಗದು.

1978ರಲ್ಲಿ ಬಂದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಹೆಸರಾಗಿದೆ. ಕವಿ ಕೆ.ಎಸ್. ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ. ಆಮೇಲೆ ಸಿ. ಅಶ್ವಥ್ ಮೊದಲಾದವರಿಂದ ಸಾಲುಸಾಲು ಬಂದವು. ಇಲ್ಲೊಂದು ವಿಶೇಷ ಗಮನಿಸಿ. ಸಿನಿಮಾ ಕ್ಯಾಸೆಟ್ ಎಂದರೆ ಹೊದಿಕೆಯ ಮೇಲೆ ನಾಯಕ ನಾಯಕಿಯ ಮುಖ. 1987ರಲ್ಲಿ 'ಪ್ರೇಮಲೋಕ'ದ ಕ್ಯಾಸೆಟ್ ಮನೆಮನೆಗೆ ಬಂದಾಗ ಹಾಡಿದವರ ಮುಖ ಯಾರೂ ನೋಡಿರಲಿಲ್ಲ. ಆದರೆ ಭಾವಗೀತೆಯ ಹೊದಿಕೆಯಲ್ಲಿ ಕವಿಯ ಹೆಸರಿಗೆ ಮರ್ಯಾದೆಯ ಜಾಗ ಇರುತ್ತಿತ್ತು. ಪುಸ್ತಕ ಓದದವರಿಗೂ ಕವಿಗಳ ಹೆಸರು ಗೊತ್ತಾದದ್ದು ಆ ಕಾಗದದ ತುಂಡಿನಿಂದ. ನಮ್ಮ ತರಗತಿಯಲ್ಲಿ ಪದ್ಯ ಪಾಠ ಮಾಡುವಾಗ "ಇದು ಕ್ಯಾಸೆಟ್‌ನಲ್ಲಿ ಇದೆ ಸಾರ್" ಎನ್ನುವ ಮಕ್ಕಳು ಇರುತ್ತಿದ್ದರು.

ಧ್ವನಿಸುರುಳಿ ಬಿಡುಗಡೆ ಸಮಾರಂಭ ನೆನಪಿದೆಯೇ? ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಪೊಟ್ಟಣ ತಟ್ಟೆಯಲ್ಲಿ ಬರುತ್ತದೆ. ಅತಿಥಿಗಳು ಬಿಚ್ಚಿ, ಹೊದಿಕೆಯ ಮುಖ ಕಾಣುವಂತೆ ಎದೆಯ ಮುಂದೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಮರುದಿನ ಪತ್ರಿಕೆಯಲ್ಲಿ ಆ ಫೋಟೋ. ಹಾಡಿದವರು ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿರುತ್ತಾರೆ. 2006ರಲ್ಲಿ ನಮ್ಮ ವೇದಿಕೆಯ ಮೇಲಂತೂ ಅವರಿಗೆ ಕುರ್ಚಿಯೇ ಇರಲಿಲ್ಲ.

ಜನಪದಕ್ಕೆ ಯಾರ ಹೆಸರು?

ಹುಡುಗನೊಬ್ಬ ಒಳ್ಳೆಯ ಪ್ರಶ್ನೆ ಕೇಳಿದ. "ಜನಪದ ಅಂದರೆ ಎಲ್ಲರದ್ದೂ ಅಲ್ಲವಾ ಸಾರ್? ಒಬ್ಬರ ಹೆಸರು ಯಾಕೆ?"

ಇದಕ್ಕೂ ನಮ್ಮಲ್ಲಿ ಒಂದು ಚರಿತ್ರೆ ಇದೆ. 1931ರಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು 'ಗರತಿಯ ಹಾಡು' ಎಂಬ ಸಂಗ್ರಹ ತಂದರು. ಅದು ದೊಡ್ಡ ಕೆಲಸ, ಹೆಣ್ಣುಮಕ್ಕಳ ಪದಕ್ಕೆ ಪುಸ್ತಕದ ಗೌರವ ಕೊಟ್ಟ ಕೆಲಸ. ಆದರೆ ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು, ಹಾಡಿದವಳು ಬರಿಯ 'ಗರತಿ'. ಮುಂದೆ ಎಚ್.ಎಲ್. ನಾಗೇಗೌಡರ ಕಾಲಕ್ಕೆ ಬನ್ನಿ. ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದವರು. ಅವರ ಒಂದು ಸಂಗ್ರಹದ ಹೆಸರು 'ಸೋಬಾನೆ ಚಿಕ್ಕಮ್ಮನ ಪದಗಳು'. ಹಾಡಿದಾಕೆಯ ಹೆಸರೇ ಹೊದಿಕೆಯ ಮೇಲೆ! ಉತ್ತರ ಕನ್ನಡದ ಹಾಲಕ್ಕಿ ಪದಗಳ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ಸುಕ್ರಜ್ಜಿ ಎಂದು ಹೆಸರು ಹಿಡಿದು ನೆನೆಯಿತು. ಪದ ಎಲ್ಲರದ್ದೇ ಇರಬಹುದು, ದನಿ ಒಬ್ಬರದೇ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಿದೆವು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ 52ಎ ಎಂಬ ಕಲಂ ಸೇರಿತು. ಅದರ ಪ್ರಕಾರ ಮುದ್ರಿಕೆಯ ಮೇಲೂ ಅದರ ಹೊದಿಕೆಯ ಮೇಲೂ ಮೂರು ವಿವರ ಇರಲೇಬೇಕು: ಮುದ್ರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಹಾಡಿದವರ ಹೆಸರು ಆ ಪಟ್ಟಿಯಲ್ಲಿಲ್ಲ! 1994ರ ತಿದ್ದುಪಡಿಯಲ್ಲಿ ಹಾಡುವವರಿಗೆ, ನುಡಿಸುವವರಿಗೆ ತಮ್ಮದೇ ಹಕ್ಕು ಬಂತು. 2012ರಲ್ಲಿ 38ಬಿ ಕಲಂ ಬಂದು, ಇದು ನಾನು ಹಾಡಿದ್ದು ಎಂದು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಗೌಹರ್ ಜಾನ್ ತಾವೇ ಹೇಳಿಕೊಂಡದ್ದು ಕಾನೂನಿನ ಪುಸ್ತಕಕ್ಕೆ ಬರಲು ನೂರಹತ್ತು ವರ್ಷ ಬೇಕಾಯಿತು.

ಕೊನೆಗೆ ಆದದ್ದು

ಎರಡನೆಯ ನಮೂನೆಯೇ ಇರಲಿ ಎಂದು ಎಲ್ಲರೂ ಒಪ್ಪಿದರು. ಹೆಸರು ಹಾಕಲು ಒಪ್ಪಿಗೆ ಕೇಳಬೇಕಲ್ಲ, ಹುಡುಗರ ಜೊತೆ ನಾವೂ ಹೋದೆವು. ಅಜ್ಜಿಯರಲ್ಲಿ ಒಬ್ಬರು ನಕ್ಕುಬಿಟ್ಟರು. "ನನ್ನೆಸರು ಯಾಕಪ್ಪಾ? ಇದು ನಮ್ಮತ್ತೆ ಪದ. ಕಲ್ಲು ಬೀಸ್ತಾ ಹೇಳ್ಕೊಟ್ಟಿದ್ದು. ಹಾಕೋದಾದ್ರೆ ಅವರ ಹೆಸರು ಹಾಕು" ಎಂದರು. ಅತ್ತೆ ತೀರಿಕೊಂಡು ನಲವತ್ತು ವರ್ಷವಾಗಿದೆಯಂತೆ. ಅವರ ಒಂದು ಫೋಟೋ ಕೂಡ ಆ ಮನೆಯಲ್ಲಿಲ್ಲ. ಈಗ ಹೊದಿಕೆಯ ಹಿಂದೆ ಪ್ರತಿ ಪದದ ಮುಂದೆ ಎರಡು ಹೆಸರು ಬರುತ್ತದೆ: ಹಾಡಿದವರು, ಕಲಿಸಿದವರು.

ಯಾವ ಲಿಪಿ ಎಂಬುದೂ ಚರ್ಚೆಯಾಯಿತು. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ನಮ್ಮ ಮಕ್ಕಳೆಲ್ಲ ತಮಿಳು ಓದುತ್ತಾರೆ, ಕನ್ನಡ ಓದುವವರು ಕಡಿಮೆಯಾಗುತ್ತಿದ್ದಾರೆ. ಅಜ್ಜಿಯರಿಗೆ ಎರಡೂ ಬರುವುದಿಲ್ಲ. ಮುಖಪುಟದಲ್ಲಿ ಕನ್ನಡ ಇರಲಿ, ಹಿಂದೆ ಹೆಸರುಗಳು ಕನ್ನಡದಲ್ಲೂ ತಮಿಳಿನಲ್ಲೂ ಇರಲಿ ಎಂದು ತೀರ್ಮಾನವಾಯಿತು. ಮೊಮ್ಮಗ ಯಾವ ಶಾಲೆಗೆ ಹೋದರೂ ಅಜ್ಜಿಯ ಹೆಸರು ಓದಬೇಕು. ಊರಿನ ಹೆಸರಿನ ಜೊತೆ ಜಿಲ್ಲೆಯನ್ನೂ ಹಾಕುತ್ತಿದ್ದೇವೆ, ಈ ಸಲ ಸರಿಯಾಗಿ. ಇಲ್ಲದಿದ್ದರೆ ಬೆಂಗಳೂರಿನವರು "ಯಾವ ತಳಿ? ರಾಗಿ ತಳಿಯಾ?" ಎಂದು ಕೇಳುತ್ತಾರೆ.

ಒಂದು ತೊಂದರೆ ಮಾತ್ರ ಉಳಿದಿತ್ತು, ಅದನ್ನು ಹೇಳಿದವನು ಮೊದಲ ನಮೂನೆಯ ಪರವಾಗಿದ್ದ ಹುಡುಗನೇ. ಇಂಟರ್ನೆಟ್ಟಿಗೆ ಹಾಕುವಾಗ ಹೊದಿಕೆಯ ಚಿತ್ರವನ್ನು 3000 ಪಿಕ್ಸೆಲ್ ಚೌಕದಲ್ಲಿ ಕೇಳುತ್ತಾರಂತೆ. ಆದರೆ ಫೋನಿನಲ್ಲಿ ಅದು ಕಾಣುವುದು ಹೆಬ್ಬೆರಳಿನ ಉಗುರಿನಷ್ಟು. ಹೆಸರು ಓದಲಾಗದು. ಹಿಂಬದಿ ಎಂಬುದೇ ಇಲ್ಲ. ವಾಟ್ಸಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಹಾಡು ಮಾತ್ರ ಹೋಗುತ್ತದೆ, ಹೊದಿಕೆ ಹಿಂದೆಯೇ ಉಳಿಯುತ್ತದೆ. "ಆಗ ಏನು ಮಾಡೋದು ಸಾರ್?" ಎಂದ.

ಉತ್ತರ 1902ರಲ್ಲೇ ಇತ್ತಲ್ಲ. ಮತ್ತೆ ಎಲ್ಲರ ಮನೆಗೂ ಹೋಗಿ, ಪದ ಮುಗಿದ ಮೇಲೆ ಹೆಸರು, ಊರು ಹೇಳಿಸಿಕೊಂಡು ಬಂದಿದ್ದೇವೆ. ಒಬ್ಬರು ನಾಚಿಕೊಂಡು ಸೆರಗು ಬಾಯಿಗೆ ಹಿಡಿದೇ ಹೇಳಿದರು, ಆದರೂ ಸ್ಪಷ್ಟವಾಗಿ ಕೇಳುತ್ತದೆ. ಅತ್ತೆಯ ಪದ ಎಂದವರು ಮೊದಲು ಅತ್ತೆಯ ಹೆಸರು ಹೇಳಿ, ಆಮೇಲೆ ತಮ್ಮದು ಹೇಳಿದರು.

ಆ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ, ಕ್ಷಮಿಸಿ. ಅವರು ಒಪ್ಪಿಗೆ ಕೊಟ್ಟದ್ದು ಹಾಡಿನ ಜೊತೆ ಬರಲಿ ಎಂದು, ನಮ್ಮ ಬರಹದಲ್ಲಿ ಬರಲಿ ಎಂದಲ್ಲ. ಬಿಡುಗಡೆಯ ದಿನ ವೇದಿಕೆಯ ಮೇಲೆ ಮೊದಲ ಸಾಲಿನ ಕುರ್ಚಿಗಳು ಅವರಿಗೇ.

2006ರ ಸಿಡಿ ಈಗಲೂ ಬೀರುವಿನಲ್ಲಿದೆ. ಅದರಲ್ಲಿ ಹಾಡಿದವರ ಗುರುತು ಹಿಡಿಯುವವರು ಇನ್ನೂ ಯಾರಾದರೂ ಹಳ್ಳಿಗಳಲ್ಲಿ ಇರಬಹುದು. ಶನಿವಾರಗಳಲ್ಲಿ ಒಂದೊಂದು ಊರಿಗೆ ಹೋಗಿ ಕೇಳಿಸುತ್ತಿದ್ದೇವೆ. ಇದುವರೆಗೆ ಒಂಬತ್ತರಲ್ಲಿ ಮೂರು ದನಿಗೆ ಹೆಸರು ಸಿಕ್ಕಿದೆ. ಅಂದು ಬಂದಿದ್ದ ಹೆಣ್ಣುಮಗಳ ಅಜ್ಜಿಯದು ಇನ್ನೂ ಸಿಕ್ಕಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಕ್ಯಾಸೆಟ್ಟೋ ಸಿಡಿಯೋ ಇದ್ದರೆ, ಅದರಲ್ಲಿ ಮನೆಯವರ ದನಿ ಇದ್ದರೆ, ಇಂದೇ ಒಂದು ಚೀಟಿ ಬರೆದು ಅಂಟಿಸಿ. ಯಾರು, ಯಾವ ಊರು, ಯಾವ ವರ್ಷ. ಅಷ್ಟು ಸಾಕು.